ಬಿಸಿಲಿಗೆ ಹಾಕಿದ ಕರಿ ಕವರ್

ನಾನೊಂದು ಕರಿ ಕವರ್. ಮುರಿದ ಬಕೆಟ್ಟು, ಒಡೆದ ಮಗ್ಗುಗಳನ್ನು ಕರಗಿಸಿ ನನ್ನನ್ನು ಮಾಡಿದರು. ಬಣ್ಣಗಳ ಕಲಬೆರಕೆ ಕಾಣದಿರಲೆಂದು ಕಪ್ಪು ಬೆರೆಸಿದರು.

ಮೀನಂಗಡಿಯಲ್ಲಿ ವಾರಿಜಾಳ ಕೈ ಸೇರಿದೆ. "ಕವರಿಗೆ ತೆರಿಗೆ ಹಾಕ್ತಾರಂತೆ ಅಕ್ಕಾ. ಇನ್ಮೇಲೆ ಮನೆಯಿಂದಲೇ ತನ್ನಿ," ಎಂದ ಅಂಗಡಿಯವನು. ಬಟ್ಟೆಚೀಲವಾದರೆ ಮೀನಿನ ನೀರು ದಾರಿಯುದ್ದಕ್ಕೂ ತೊಟ್ಟಿಕ್ಕುತ್ತದೆ. ಅವಳು ಶೇಷಗಿರಿ ಮೇಷ್ಟ್ರ ಮಹಡಿಯ ಬಾಡಿಗೆದಾರಳು. ಏಳು ಮನೆಯವರು ಬಾಗಿಲಿನಿಂದಲೇ ವಾಪಸ್ ಕಳಿಸಿದ ಮೇಲೆ, "ಮೀನು ಮಾಂಸ ಮುಟ್ಟಲ್ಲ" ಎಂದು ಸುಳ್ಳು ಹೇಳಿ ಹಿಡಿದ ಮನೆ. ಮಗಳ ಶಾಲೆ ಪಕ್ಕದ ಬೀದಿಯಲ್ಲೇ ಇತ್ತು.

ಭಾನುವಾರ ಮೇಷ್ಟ್ರ ಮನೆಯವರು ಮಠಕ್ಕೆ ಹೋದ ಹೊತ್ತಿನಲ್ಲಿ, ಕಿಟಕಿ ಮುಚ್ಚಿ, ಊದುಬತ್ತಿ ಹಚ್ಚಿ ಬೂತಾಯಿ ಮೀನು ಹುರಿದಳು. ನನ್ನನ್ನು ಸೋಪು, ನಿಂಬೆಹಣ್ಣು ಹಾಕಿ ತೊಳೆದಳು. ಬಚ್ಚಲಲ್ಲೇ ಒಣಹಾಕಿದರೆ ವಾಸನೆ ಹೋಗಲಿಲ್ಲ. ಮರುದಿನ ಬಿಸಿಲಿಗೆ ಹಾಕಿದಳು.

ಮೇಷ್ಟ್ರು ಕಂಡರು. "ಕವರನ್ನೂ ತೊಳೆದು ಇಡ್ತೀಯೇನಮ್ಮ?"

"ಕರಿಬೇವು ಕಟ್ಟಿಡೋಕೆ ಸಾರ್."

"ಭೇಷ್. ಸಂಜೆ ವಾರ್ಡ್ ಸಭೆಗೆ ಬಾ. ಎಲ್ಲರಿಗೂ ತೋರಿಸ್ತೀನಿ." ನನ್ನನ್ನು ಮಡಚಿ ಜೇಬಿಗಿಟ್ಟರು.

ಸಭೆಯಲ್ಲಿ ತೆರಿಗೆ ಬೇಕೆನ್ನುವವರ ಪರ ಮೇಷ್ಟ್ರು ಎದ್ದರು. ಬೇಡವೆನ್ನುವವರ ಪರ ದಿನಸಿ ಅಂಗಡಿಯ ಚಿಕ್ಕಣ್ಣನಿದ್ದ.

"ತೊಳೆದು ಬಳಸಿದರೆ ತೆರಿಗೆ ಯಾರಿಗೆ ಭಾರ? ನೋಡಿ, ಒಂದು ತೂತಿಲ್ಲ," ಎಂದು ಮೇಷ್ಟ್ರು ನನ್ನ ಬಾಯಿಗೆ ಬಾಯಿಟ್ಟು ಊದಿದರು. ತಟ್ಟನೆ ಕೆಮ್ಮಿದರು.

"ಮೇಷ್ಟ್ರೇ, ಮೀಸೇಲಿ ಏನೋ ಹೊಳೀತಿದೆ," ಎಂದ ಚಿಕ್ಕಣ್ಣ. ಹತ್ತಿರ ಬಂದು ನೋಡಿದ. "ಮೀನಿನ ಹುರುಪೆ. ನಮಗೂ ಒಂದು ತುಂಡು ಉಳಿಸಬಾರದಿತ್ತಾ?"

ಸಭೆ ಬಿದ್ದು ಬಿದ್ದು ನಕ್ಕಿತು. ಮೇಷ್ಟ್ರು ಮೀಸೆ ಒರೆಸಿಕೊಂಡು ಹೆಂಗಸರ ಸಾಲಿನತ್ತ ತಿರುಗಿದರು. "ಎದ್ದು ನಿಂತ್ಕೋ ವಾರಿಜಾ. ಇದರಲ್ಲಿ ಏನಿತ್ತು, ನೀನೇ ಹೇಳು."

"ಮೀನು ಸಾರ್."

"ಜೋರಾಗಿ."

"ಮೀನು ಸಾರ್."

ಪಕ್ಕದಲ್ಲಿದ್ದ ಮಗಳು ಎದ್ದು ಬೇರೆ ಬೆಂಚಿಗೆ ಹೋಗಿ ಕುಳಿತಳು.

ತೆರಿಗೆ ಬೇಕೆನ್ನುವವರು ಕೈ ಎತ್ತಿ ಎಂದಾಗ, ಎಲ್ಲರಿಗಿಂತ ಮೊದಲು ವಾರಿಜಾಳ ಕೈ ಮೇಲೆದ್ದಿತು. ಮೇಷ್ಟ್ರು ನೋಡಲೆಂದು ಕೊನೆಯವರೆಗೂ ಇಳಿಸಲಿಲ್ಲ. ಅವರು ನೋಡಲಿಲ್ಲ. ತೆರಿಗೆ ಗೆದ್ದಿತು. ವಾರದೊಳಗೆ ಮನೆ ಖಾಲಿ ಮಾಡಿಸಿದರು.

ಈಗ ನಾನು ಗೇಟಿನ ಪಕ್ಕದ ಮೂಲೆಯಲ್ಲಿದ್ದೇನೆ. ಮೇಷ್ಟ್ರು ಮಣ್ಣು ತುಂಬಿ ದಾಸವಾಳದ ಕಡ್ಡಿ ನೆಟ್ಟಿದ್ದಾರೆ. ನಾನು ಮಣ್ಣಾಗಲು ನೂರಾರು ವರ್ಷ ಬೇಕಂತೆ. ಬಂದುಹೋಗುವವರನ್ನು ಕೆಳಗಿನಿಂದ ನೋಡುತ್ತಾ ಇರುತ್ತೇನೆ. ನಿನ್ನೆ ಮನೆ ಕೇಳಲು ಒಬ್ಬ ಹೆಂಗಸು ಬಂದಳು. ಗೇಟಿನ ಹೊರಗೆ ನಿಂತು ಅಂಗೈಗಳನ್ನು ಮೂಸಿಕೊಂಡಳು, ಸೆರಗಿಗೆ ಉಜ್ಜಿದಳು, ಮತ್ತೊಮ್ಮೆ ಮೂಸಿದಳು. ಆಮೇಲೆ ಗಂಟೆ ಒತ್ತಿದಳು.