ನಾಲ್ಕು ಗಂಟೆಯೊಳಗೆ ಸೇಬಿನ ಸುರುಳಿ

ಬುಧವಾರ ಸಂಜೆ ತನ್ವೀರ ಬಾಗಿಲಲ್ಲೇ ನಿಂತು ಕೇಳಿದಾಗ ಸುಶ್ಮಿತಾ ಹಿಂದೆ ಮುಂದೆ ಯೋಚಿಸದೆ ಹೂಂ ಅಂದುಬಿಟ್ಟಳು. ಬೆಟಗೇರಿಯ ಆ ಓಣಿಯಲ್ಲಿ ಅವಳ ಕೇಕು ಎಲ್ಲರಿಗೂ ಗೊತ್ತು. ಮುಂಡರಗಿ ಕಡೆಯ ಗಾಳಿಯಂತ್ರದ ಕಂಪನಿಯೊಂದರ ಗೆಸ್ಟ್ ಹೌಸ್ ನೋಡಿಕೊಳ್ಳುವ ತನ್ವೀರ ಹಿಂದೆಯೂ ಎರಡು ಸಲ ಬಂದು ಒಯ್ದಿದ್ದ. ಈ ಸಲ ಅವನಿಗೆ ಬೇಕಾಗಿದ್ದದ್ದು ಕೇಕಲ್ಲ.

"ಆಸ್ಟ್ರಿಯಾದಿಂದ ಒಬ್ಬರು ಇಂಜಿನಿಯರ್ ಬಂದಾರ್ರಿ ಅಕ್ಕಾರ. ವಯಸ್ಸಾದವರು. ಹೋದ ವಾರ ಅವರ ತಾಯಿ ತೀರಿಕೊಂಡ್ರು. ನಾಳೆ ಅಲ್ಲಿ ಮಣ್ಣ ಮಾಡ್ತಾರಂತ. ಇವರಿಗೆ ಹೋಗಾಕ ಆಗಲಿಲ್ಲ." ಅವನು ಕಿಸೆಯಿಂದ ಮಡಚಿದ ಕಾಗದ ತೆಗೆದ. "ಆ ತಾಯಿ ಐತವಾರಕ್ಕೊಮ್ಮೆ ಇದನ್ನ ಮಾಡ್ತಿದ್ರಂತ. ಸ್ಟ್ರೂಡಲ್ ಅಂತಾರ, ಸೇಬುಹಣ್ಣಿನ ಸುರುಳಿ. ಅವರೇನು ಮಾಡಸು ಅಂದಿಲ್ರಿ, ನಾನ ಮಾತಿಗೆ ಮಾತು ತಗದು ಬರಕೊಂಡು ಬಂದೀನಿ. ನಾಳೆ ನಾಲ್ಕಕ್ಕ ಬರ್ತೀನಿ."

ಅವನು ಹೋದ ಮೇಲೆ ಕಾಗದ ಬಿಚ್ಚಿ ಓದಿದಳು. ಸೇಬು, ಒಣದ್ರಾಕ್ಷಿ, ದಾಲ್ಚಿನ್ನಿ, ತುಪ್ಪದಲ್ಲಿ ಹುರಿದ ಟೋಸ್ಟಿನ ಪುಡಿ. ಇವೆಲ್ಲ ಸರಿ. ಕೊನೆಯ ಸಾಲನ್ನು ಮಾತ್ರ ಎರಡು ಸಲ ಓದಿದಳು. ಮೈದಾಹಿಟ್ಟನ್ನು ಬಟ್ಟೆಯ ಮೇಲೆ ಕೈಯಿಂದಲೇ ಎಳೆದು ಹಾಳೆ ಮಾಡಬೇಕು. ಕೆಳಗೆ ಪೇಪರ್ ಇಟ್ಟರೆ ಅಕ್ಷರ ಕಾಣುವಷ್ಟು ತೆಳ್ಳಗೆ.

ಗುರುವಾರ ಗಂಡ ವೀರೇಶ ಕೆಲಸಕ್ಕೆ ಹೋದಮೇಲೆ ಹಿಟ್ಟು ಕಲಸಿದಳು. ಊಟದ ಟೇಬಲ್ಲಿನ ಮೇಲೆ ತೊಳೆದ ಧೋತರ ಹಾಸಿ ಎಳೆಯತೊಡಗಿದಳು. ರೊಟ್ಟಿಯಷ್ಟು ಅಗಲವಾಗುವ ಮೊದಲೇ ನಡುವೆ ತೂತು ಬಿತ್ತು. ಎರಡನೆಯದು ಅದಕ್ಕಿಂತ ಸ್ವಲ್ಪ ದೊಡ್ಡದಾಗಿ ಅಂಚಿನಿಂದ ಅಂಚಿಗೆ ಸೀಳಿತು. ಗಡಿಯಾರದಲ್ಲಿ ಹನ್ನೆರಡೂಕಾಲು. ಹೆಚ್ಚಿಟ್ಟ ಸೇಬು ಲಿಂಬೆರಸ ಹಿಂಡಿದ್ದರೂ ಕಂದು ತಿರುಗುತ್ತಿತ್ತು.

ಒಳಕೋಣೆಯಲ್ಲಿ ಅತ್ತೆ ರೇಣುಕವ್ವ ಮಂಚದ ಮೇಲೆ ಕುಳಿತಿದ್ದಳು. ಓಣಿಯಲ್ಲಿ ಅವಳಷ್ಟು ತೆಳ್ಳಗೆ ಹೋಳಿಗೆ ಮಾಡುವವರು ಇರಲಿಲ್ಲ. ಮದುವೆ ಮನೆಯವರು ಬಂದು ಕರೆದೊಯ್ಯುತ್ತಿದ್ದರು. ಆದರೆ ಈ ಯುಗಾದಿಯಿಂದೀಚೆಗೆ ಅವಳು ಹಿಟ್ಟು ಮುಟ್ಟಿರಲಿಲ್ಲ. ಕರೆಯಲು ಬಂದವರಿಗೆಲ್ಲ "ಈಗ ಸೊಸಿ ಅದಾಳಲ್ಲ, ಆಕೀನ್ನ ಕೇಳ್ರಿ" ಅನ್ನುತ್ತಿದ್ದಳು. ಅಡುಗೆಮನೆಯ ಮೂಲೆಗೆ ತನ್ನ ಓವನ್ ಬಂದದ್ದೇ ಅತ್ತೆಯ ಸಿಟ್ಟಿಗೆ ಕಾರಣವೆಂದು ಸುಶ್ಮಿತಾ ತಿಳಿದಿದ್ದಳು. ಆರು ತಿಂಗಳಿಂದ ಇಬ್ಬರ ನಡುವೆ ಬೇಕಾದಷ್ಟೇ ಮಾತು.

ಆದರೂ ಬಾಗಿಲಿಗೆ ಹೋಗಿ ನಿಂತಳು. "ಅತ್ತೀ, ಒಂದೀಟು ಬರ್ರಿ. ಹಿಟ್ಟು ಹರಿಯಾಕತ್ತೈತಿ."

"ನನಗ ಆ ಪರದೇಶದ್ದು ತಿಳಿಯಂಗಿಲ್ಲ."

"ಕಣಕ ಹೋಳಿಗಿದರಂಗ ಐತ್ರಿ. ನಿಮ್ಮ ಕೈ ಹತ್ತಿದ್ರ ಸಾಕು."

"ಒಲ್ಲೆ ಅಂದ್ನಲ್ಲ!" ರೇಣುಕವ್ವ ಮುಖ ಗೋಡೆಗೆ ತಿರುಗಿಸಿದಳು.

 ಆಗುವುದಿಲ್ಲವೆಂದು ತನ್ವೀರನಿಗೆ ಫೋನ್ ಮಾಡಲು ಸುಶ್ಮಿತಾ ಹೊರಗೆ ಬಂದು ಮೊಬೈಲ್ ಹಿಡಿದಳು. ಅವನ ನಂಬರು ಹುಡುಕತೊಡಗಿದಳು. ಅಷ್ಟರಲ್ಲಿ ಹಿಂದಿನಿಂದ ಅತ್ತೆಯ ದನಿ ಬಂತು. ನಿನ್ನೆ ತನ್ವೀರ ಹೇಳಿದ್ದು ಒಳಕೋಣೆಗೂ ಕೇಳಿತ್ತು.

"ಇವತ್ತ ಏನು, ಆ ತಾಯೀನ ಮಣ್ಣ ಮಾಡೋದು?"

"ಹೌದ್ರಿ."

ರೇಣುಕವ್ವ ಟೇಬಲ್ಲಿನ ಹತ್ತಿರ ಬಂದು ಹರಿದ ಹಿಟ್ಟನ್ನು ನೋಡಿದಳು. ಕೈ ತೊಳೆದುಕೊಂಡು ಬಂದಳು. "ಗಟ್ಟಿ ಕಲಸೀದಿ. ಹೊಸಾದು ಕಲಸು. ಮೆತ್ತಗ. ಎತ್ತಿ ಎತ್ತಿ ಬಡಿ. ಆಮ್ಯಾಲ ಎಣ್ಣ್ಯಾಗ ಮುಳಗಿಸಿ ಮುಚ್ಚಿಡು."

ಸುಶ್ಮಿತಾ ಅತ್ತೆ ಹೇಳಿದಂತೆ ಮಾಡಿ ಎರಡು ಉಂಡೆ ಕಟ್ಟಿಟ್ಟಳು. ಮುಚ್ಚಿಟ್ಟ ಪಾತ್ರೆಯ ಮುಂದೆ ಕುಳಿತು ಗಡಿಯಾರ ನೋಡುವುದೇ ಒಂದು ಶಿಕ್ಷೆಯಾಯಿತು. ಎರಡು ಸಲ ಮುಚ್ಚಳ ತೆಗೆಯಲು ಹೋಗಿ ಬೈಸಿಕೊಂಡಳು. ಒಂದೂಮುಕ್ಕಾಲಿಗೆ ರೇಣುಕವ್ವ ತಾನೇ ಹಿಟ್ಟೆತ್ತಿ ಧೋತರದ ಮೇಲಿಟ್ಟು, ತಟ್ಟಿ, ಅಂಗೈ ಕೆಳಗೆ ಮಾಡಿ ಎರಡೂ ಮುಷ್ಟಿಗಳನ್ನು ಅದರ ಅಡಿಗೆ ತೂರಿಸಿದಳು. ಹಿಟ್ಟು ಅಗಲವಾಯಿತು. ತಟ್ಟೆಯಷ್ಟಿದ್ದದ್ದು ದೊಡ್ಡ ಪರಾತದಷ್ಟಾಯಿತು. ಸುಶ್ಮಿತಾಳಿಗೆ ಉಸಿರು ಬಂದಂತಾಯಿತು.

ಆಗ ಎಡಗೈ ನಡುಗಿತು. ಸಣ್ಣಗಲ್ಲ, ಬಳೆ ಸದ್ದಾಗುವಷ್ಟು. ರೇಣುಕವ್ವ ಹಲ್ಲು ಕಚ್ಚಿ ಹಿಡಿದಳು. ಹಿಟ್ಟು ಆ ಮುಷ್ಟಿಯ ಮೇಲೆ ತೂತಾಯಿತು, ತೂತು ಬಾಯಿ ತೆರೆಯಿತು. ಅವಳು ಕೈಯನ್ನು ಹಿಂದಕ್ಕೆಳೆದು ಸೆರಗಿನೊಳಗೆ ಇಟ್ಟುಕೊಂಡಳು.

"ಅತ್ತೀ?"

"ನೋಡಿದ್ಯಲ್ಲ. ಆತಿನ್ನ." ಅವಳು ಕುರ್ಚಿಯ ಮೇಲೆ ಕುಸಿದು ಕುಳಿತಳು. "ಯುಗಾದಿ ಮುಂದ ಸುರು ಆತು. ಹೋಳಿಗಿ ಹಂಚಿನ ಮ್ಯಾಲೆ ಹಾಕಬೇಕು, ಕೈಯಾಗ ಮಡಚಿ ಬಿತ್ತು. ನನ್ನ ತವರು ಅಸುಂಡ್ಯಾಗ ನಮ್ಮಪ್ಪಗೂ ಹಿಂಗ ಸುರು ಆಗಿತ್ತವಾ. ಕಡೀಕ ಅಂವಗ ಅಂಬಲಿ ನಮ್ಮವ್ವನ ಕುಡಸ್ತಿದ್ಲು. ಮಂದಿ ನೋಡಾಕ ಬರ್ತಿದ್ರು, ಮಾತಾಡಾಕಲ್ಲ."

ಸುಶ್ಮಿತಾ ಹರಿದ ಹಾಳೆಯನ್ನು ಮಡಚಿ ಬದಿಗಿಟ್ಟಳು. ಅತ್ತೆ ಚಹಾದ ಲೋಟ ಅರ್ಧವೇ ತುಂಬಿಸಲು ಹೇಳುತ್ತಿದ್ದದ್ದು, ಎಲ್ಲರ ಊಟ ಮುಗಿದಮೇಲೆ ಒಬ್ಬಳೇ ಉಣ್ಣುತ್ತಿದ್ದದ್ದು, ದೀಪ ಹಚ್ಚಲು ವೀರೇಶನನ್ನೇ ಕರೆಯುತ್ತಿದ್ದದ್ದು ಒಂದೊಂದಾಗಿ ನೆನಪಾದವು. ಇದನ್ನೆಲ್ಲ ಅವಳು ಸೊಕ್ಕು ಅಂದುಕೊಂಡಿದ್ದಳು. ತವರಿಗೆ ಫೋನ್ ಮಾಡಿ ಆಡಿಕೊಂಡಿದ್ದಳು ಕೂಡ. 

"ಯಾಕ ಹೇಳಲಿಲ್ರಿ?"

"ಹೇಳಿದ್ರ ಖರೆ ಆಗತೈತಿ." ಆಮೇಲೆ ರೇಣುಕವ್ವ ತಾನೇ ಗಡಿಯಾರ ನೋಡಿದಳು. "ಅದಿರಲಿ. ಹೊತ್ತಾಗಾಕತ್ತೈತಿ. ಆ ಪಾತ್ರ್ಯಾಗ ಇನ್ನೊಂದು ಉಂಡಿ ಐತಿ. ನೀ ಎಳಿ, ನಾ ಹೇಳ್ತೀನಿ."

"ನನ್ನ ಕೈಲೆ ಆಗಂಗಿಲ್ರಿ."

"ಆಗತೈತಿ. ಉಂಗುರ ತಗಿ. ಬೆರಳು ತಾಗಿಸಬ್ಯಾಡ, ಮುಷ್ಟಿ ಮ್ಯಾಲೆ ಹೊತ್ಕೋ. ಎಳೀಬ್ಯಾಡ, ಜೋತುಬಿಡು. ತನ್ನ ಭಾರಕ್ಕ ತಾನ ಇಳೀತೈತಿ... ಸಾಕು, ಆ ಕಡಿ ಹೋಗು. ಟೇಬಲ್ ಸುತ್ತ ತಿರುಗು."

ಸುಶ್ಮಿತಾ ತಿರುಗಿದಳು. ಬೆವರು ಕಣ್ಣಿಗಿಳಿದರೂ ಒರೆಸಿಕೊಳ್ಳಲಿಲ್ಲ. ಮೂರನೇ ಸುತ್ತಿಗೆ ಹಾಳೆ ಟೇಬಲ್ಲಿನ ಅಂಚು ಮುಟ್ಟಿತು. ಅಡಿಯಲ್ಲಿದ್ದ ಧೋತರದ ಕೆಂಪು ದಡಿ ಮಸುಕಾಗಿ ಕಂಡಿತು. ಒಂದು ಮೂಲೆಯಲ್ಲಿ ಮಾತ್ರ ದಪ್ಪ ಉಳಿಯಿತು. ಅದನ್ನು ಮುಟ್ಟಬೇಡವೆಂದು ರೇಣುಕವ್ವ ತಡೆದಳು. ತುಪ್ಪ ಸವರಿ, ಟೋಸ್ಟಿನ ಪುಡಿ ಉದುರಿಸಿ, ಹಣ್ಣು ಹರವಿ, ಇಬ್ಬರೂ ಧೋತರದ ಒಂದೊಂದು ತುದಿ ಎತ್ತಿದರು. ಸುರುಳಿ ತಾನಾಗಿ ಉರುಳುತ್ತ ಹೋಯಿತು. ಅತ್ತೆಯ ಕಡೆಯ ತುದಿ ನಡುಗುತ್ತಿತ್ತು. 

ಎರಡೂಮುಕ್ಕಾಲಿಗೆ ಓವನ್ನಿನೊಳಗೆ ಹೋಯಿತು. ಮೂರು ಹತ್ತಕ್ಕೆ ಕರೆಂಟ್ ಹೋಯಿತು.

ಸುಶ್ಮಿತಾ ಓವನ್ನಿನ ಬಾಗಿಲಿಗೆ ಕೈಹಾಕಿದಳು.

"ತಗೀಬ್ಯಾಡ! ಕಾವು ಒಳಗ ಇರಲಿ."

ಹದಿನಾಲ್ಕು ನಿಮಿಷ. ಅಷ್ಟೂ ಹೊತ್ತು ಇಬ್ಬರೂ ಕತ್ತಲಾದ ಗಾಜನ್ನೇ ನೋಡುತ್ತ ನಿಂತರು. ದೀಪ ಬಂದಾಗ ಸುಶ್ಮಿತಾ ಅಳುವಂತಾಗಿದ್ದಳು. ನಾಲ್ಕಕ್ಕೆ ತನ್ವೀರನ ಬೈಕಿನ ಸದ್ದು ಕೇಳಿದಾಗ ಸುರುಳಿ ಇನ್ನೂ ಒಳಗೇ ಇತ್ತು. ಅವನಿಗೆ ಚಹಾ ಕೊಟ್ಟು ಕೂರಿಸಿದರು. ಹೊರತೆಗೆದಾಗ ಮೇಲೆ ಕೆಂಪಗೆ ಗರಿಗರಿಯಾಗಿತ್ತು, ಒಂದು ಬದಿ ಸ್ವಲ್ಪ ಬಿರಿದು ಹಣ್ಣಿನ ರಸ ಸುರಿದಿತ್ತು. ಬಿಸಿ ಇರುವಾಗಲೇ ಡಬ್ಬಿಯಲ್ಲಿಟ್ಟು, ಟವೆಲ್ ಸುತ್ತಿ ಕೊಟ್ಟಳು.

ರಾತ್ರಿ ಊಟಕ್ಕೆ ಮೊದಲು ತನ್ವೀರನ ಫೋನ್ ಬಂತು. "ಹಾಳಿ ಒಂದೀಟು ದಪ್ಪ ಆಗೇತಿ ಅಂದ್ರು ಅಕ್ಕಾರ. ಆದ್ರ ಎದ್ದು ಹೋಗಲಿಲ್ಲ, ಪೂರಾ ತಿಂದ್ರು. ತಿಂದು ತಾಯಿದು ಫೋಟೋ ತೋರಿಸಿದ್ರು."

ಸುಶ್ಮಿತಾ ಇದನ್ನು ಹೇಳಿದಾಗ ರೇಣುಕವ್ವ "ಆ ಮೂಲಿದು" ಎಂದಳು. "ಆ ಮೂಲಿ ದಪ್ಪ ಉಳದಿತ್ತು."

"ನಾಳೆ ಡಾಕ್ಟರ ಕಡೆ ಹೋಗೂಣ್ರಿ."

"ನಮ್ಮಪ್ಪನ ಬ್ಯಾನೀನ ಐತಿ ಅಂದ್ರ?"

"ಗೊತ್ತಿಲ್ರಿ. ನಾ ಜೋಡಿ ಬರ್ತೀನಿ."

ಶುಕ್ರವಾರ ಗದಗದ ನರರೋಗದ ಡಾಕ್ಟರ ಹತ್ತಿರ ಎರಡು ತಾಸು ಕಾಯಬೇಕಾಯಿತು. ಮೂರು ಸಲ "ಮನಿಗೆ ಹೋಗೂಣು ನಡಿ" ಎಂದು ರೇಣುಕವ್ವ ಎದ್ದಳು, ಮೂರು ಸಲವೂ ಸುಶ್ಮಿತಾ ಕೂರಿಸಿದಳು. ಡಾಕ್ಟರು ರೇಣುಕವ್ವಳನ್ನು ನಡೆಸಿದರು, ಕಾಗದದ ಮೇಲೆ ಸುತ್ತು ಬರೆಸಿದರು, ನೀರಿನ ಲೋಟ ಹಿಡಿಸಿದರು. ನೀರು ಚೆಲ್ಲಿತು. ಮನೆಯಲ್ಲಿ ಬೇರೆ ಯಾರಿಗಾದರೂ ಇತ್ತೇ ಎಂದು ಕೇಳಿದಾಗ ರೇಣುಕವ್ವ ಸೊಸೆಯ ಕಡೆ ನೋಡಿ, ಆಮೇಲೆ ಎಲ್ಲ ಹೇಳಿದಳು.

"ನಿಮ್ಮ ತಂದೆಯವರದೇ ಕಾಯಿಲೆ ಅಂತ ಈಗಲೇ ಹೇಳಲಾರೆ, ಅಲ್ಲ ಅಂತಲೂ ಹೇಳಲಾರೆ" ಎಂದರು ಡಾಕ್ಟರು. "ಗುಳಿಗೆ ತಗೊಳ್ಳಿ, ತಿಂಗಳು ಬಿಟ್ಟು ಬನ್ನಿ. ಅವರ ಕಾಲದಲ್ಲಿ ಇಲ್ಲದ ಔಷಧಿಗಳು ಈಗ ಇವೆ."

 ಆಟೋ ಓಣಿಗೆ ತಿರುಗುವಾಗ ರೇಣುಕವ್ವ ಸುಶ್ಮಿತಾಳ ಮೊಣಕೈ ಮುಟ್ಟಿದಳು.

"ವೀರೇಶಗ ನೀ ಹೇಳಬ್ಯಾಡ. ನಾನ ಹೇಳ್ತೀನಿ. ನೀ ಬಾಜೂಕ ನಿಂದ್ರು."