ಜವರಮ್ಮನ ಡಬ್ಬಿ

ನನ್ನ ಹೋಟೆಲಿಗೆ ಬೋರ್ಡ್ ಇಲ್ಲ. ಟಿ. ನರಸೀಪುರದ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಬಸವಯ್ಯನ ಹೋಟೆಲ್ ಎಲ್ಲಿ ಎಂದು ಕೇಳಿದರೆ ಯಾರಾದರೂ ತೋರಿಸುತ್ತಾರೆ. ಇಡ್ಲಿ ಮೆತ್ತಗಿರುತ್ತೆ, ಯಜಮಾನನ ಮಾತು ಒರಟು ಎಂದೂ ಪುಕ್ಕಟೆಯಾಗಿ ಹೇಳಿ ಕಳಿಸುತ್ತಾರೆ. ಮೂವತ್ತು ವರ್ಷದಿಂದ ಎರಡೂ ಹಾಗೇ ಇವೆ. ಹೆಂಡತಿ ಜವರಮ್ಮ ಇದ್ದಾಗ ನಾನು ಬೈದು ಕಳಿಸಿದ ಗಿರಾಕಿಯನ್ನು ಅವಳು ಮಾತಾಡಿಸಿ ವಾಪಸ್ ಕರೆತರುತ್ತಿದ್ದಳು. ಅವಳು ಹೋಗಿ ಮೂರು ವರ್ಷವಾಯಿತು. ಈಗ ಆ ಕೆಲಸ ಸೊಸೆ ಚೈತ್ರಳ ಪಾಲಿಗೆ ಬಂದಿದೆ.

ಜವರಮ್ಮನ ಜೊತೆಯಲ್ಲಿ ಹೋಟೆಲಿನಿಂದ ಇನ್ನೊಂದು ವಸ್ತುವೂ ಹೋಯಿತು. ಹುಚ್ಚೆಳ್ಳು ಚಟ್ನಿಪುಡಿ. ಟೇಬಲ್ಲಿಗೊಂದು ಬಟ್ಟಲು ಇಟ್ಟಿರುತ್ತಿದ್ದೆವು. ಮೈಸೂರಿನಿಂದ ತಲಕಾಡಿಗೆ ಹೋಗುವವರು ಅದಕ್ಕೋಸ್ಕರ ಕಾರು ನಿಲ್ಲಿಸುತ್ತಿದ್ದರು. 'ನಮ್ಮನೆಯೋಳ ಕೈಗುಣ' ಎಂದು ನಾನು ಗಲ್ಲಾಪೆಟ್ಟಿಗೆಯ ಮುಂದೆ ಕೂತು ಬೀಗುತ್ತಿದ್ದೆ. ಚೈತ್ರ ನಾಲ್ಕು ಸಲ ಮಾಡಿ ನೋಡಿದಳು. ನಾಲ್ಕು ಸಲವೂ ನಾನು ತಟ್ಟೆ ಸರಿಸಿದೆ. ನಾಲ್ಕನೆಯ ಸಲ ಏನೋ ಕೆಟ್ಟ ಮಾತನ್ನೂ ಆಡಿದೆ. ಆಮೇಲೆ ಅವಳು ಮಾಡಲಿಲ್ಲ, ನಾನೂ ಕೇಳಲಿಲ್ಲ.

ಈ ಸಲದ ಮಳೆಗೆ ಹೋಟೆಲಿನ ಹಿಂದಿನ ಚರಂಡಿ ಕಟ್ಟಿಕೊಂಡು ನೀರು ಅಡುಗೆಮನೆಗೆ ನುಗ್ಗಿತು. ನಾನು ಊರನ್ನೆಲ್ಲ ಬೈಯುತ್ತ ನಿಂತಿದ್ದೆ. ಚೈತ್ರ ಸೀರೆ ಎತ್ತಿ ಕಟ್ಟಿ, ಗುದ್ದಲಿ ಹಾಕಿ ಎಳೆದಳು. ಒಂದು ಮಂಕರಿ ಪ್ಲಾಸ್ಟಿಕ್ ಕವರ್ ಬಂತು. ಒಂದೊಂದರಲ್ಲೂ ಹಳದಿ ಕಲೆ.

"ಮಾವ, ಇದ್ಯಾರ ಮನೆ ಸಾಂಬಾರು?" ಎಂದಳು.

ನನ್ನ ಸಾಂಬಾರಿನ ಬಣ್ಣ ನನಗೆ ಗೊತ್ತಿಲ್ಲವೇ? ಬಾಯಿ ಮುಚ್ಚಿಕೊಂಡು ಒಳಗೆ ಹೋದೆ.

ಮಾರನೆಯ ದಿನದಿಂದ ಕವರ್ ಬಂದ್ ಎಂದಳು. ಇಡ್ಲಿ, ವಡೆಗೆ ತೋಟದ ಬಾಳೆಎಲೆ ಸಾಕಾಯಿತು. ತೊಂದರೆ ಸಾಂಬಾರಿನದು. ಮನೆಯಿಂದ ಡಬ್ಬಿ ತನ್ನಿ ಎಂದು ಹೇಳಿ ನೋಡಿದಳು. ಬಸ್ಸಿಗೆ ಓಡುವವನು ಡಬ್ಬಿ ನೆನಪಿಟ್ಟುಕೊಳ್ಳುತ್ತಾನೆಯೇ? ಕೊನೆಗೆ ಒಂದು ದಿನ ಏಣಿ ಹಾಕಿ ಅಟ್ಟ ಹತ್ತಿದಳು. ಮಗ ಅಮೃತೇಶನ ಮದುವೆಗೆ, ಗೃಹಪ್ರವೇಶಕ್ಕೆ, ಅದಕ್ಕೂ ಹಿಂದಿನ ಕಾರ್ಯಗಳಿಗೆ ಮುಯ್ಯಿ ಬಂದ ಸ್ಟೀಲ್ ಡಬ್ಬಿಗಳೆಲ್ಲ ಅಲ್ಲಿ ಧೂಳು ತಿನ್ನುತ್ತಿದ್ದವು. ಎಲ್ಲದರ ಮೇಲೂ ಕೊಟ್ಟವರ ಹೆಸರು ಕೊರೆಸಿತ್ತು. ಬೆಳಗಿ, ಸಾಂಬಾರು ತುಂಬಿ, ಗಿರಾಕಿಗಳ ಕೈಗೆ ಕೊಡತೊಡಗಿದಳು.

"ಯಾರ್ಯಾರಿಗೆ ಕೊಟ್ಟೆ ಅಂತ ಬರ್ಕೋ" ಎಂದೆ.

"ಸಾಂಬಾರ್ ಕೊಟ್ಟು ಸೈನ್ ಹಾಕಿಸ್ಕೊಳಾದಾ ಮಾವ? ತಂದ್ಕೊಡ್ತಾರೆ ಬುಡಿ" ಎಂದಳು.

ಹನ್ನೊಂದು ದಿನವಾಯಿತು. ಮೂವತ್ತೇಳು ಡಬ್ಬಿ ಹೋಗಿದ್ದವು, ಆರು ಬಂದವು. ಆ ಆರನ್ನು ತಂದವರು ಲಾಡ್ಜಿನಲ್ಲಿರುವ ಬ್ಯಾಚುಲರ್ ಹುಡುಗರು. ಅದಕ್ಕಿಂತ ನನಗೆ ಉರಿದದ್ದು ಬೇರೆ. ದಿನಾ ಬರುತ್ತಿದ್ದವರು ಬರುವುದನ್ನೇ ನಿಲ್ಲಿಸಿದರು. ಹೂ ಮಾರುವ ಮರಿತಾಯಮ್ಮ ನನ್ನನ್ನು ಕಂಡು ಬೀದಿಯ ಆ ಕಡೆಗೆ ದಾಟಿದಳು. ಡಬ್ಬಿಯೂ ಹೋಯಿತು, ಗಿರಾಕಿಗಳೂ ಹೋದರು ಎಂದು ಕೂಗಾಡಿದೆ.

ಆ ಸಿಟ್ಟಿನಲ್ಲೇ ಉಳಿದದ್ದೇನು ನೋಡೋಣವೆಂದು ಅಟ್ಟ ಹತ್ತಿದೆ. ಮೂಲೆಯಲ್ಲಿ ನಾನೇ ಬಟ್ಟೆ ಸುತ್ತಿ ಇಟ್ಟಿದ್ದ ಡಬ್ಬಿ ಇರಲಿಲ್ಲ. ಎರಡು ಅಂತಸ್ತಿನ ಡಬ್ಬಿ, ಪಕ್ಕದಲ್ಲಿ ಕೊಕ್ಕೆ, ಮುಚ್ಚಳದ ಮೇಲೆ ಚುಕ್ಕಿ ಚುಕ್ಕಿಯಾಗಿ 'ಜವರಮ್ಮ, ಕವಲಂದೆ'. ತವರಿನಿಂದ ಅವಳು ತಂದದ್ದು. ಕಣ್ಣಿಗೆ ಬಿದ್ದರೆ ಸಂಕಟವಾಗುತ್ತದೆಂದು ಮೇಲಿಟ್ಟಿದ್ದೆ. ಇಲ್ಲವೆಂದಾಗ ಆದ ಸಂಕಟದ ಮುಂದೆ ಅದು ಏನೂ ಅಲ್ಲ.

"ಅತ್ತೆದು ಅಂತ ನೋಡ್ಲಿಲ್ಲ ಮಾವ. ಎಲ್ಲಾ ಒಟ್ಗೆ ತೊಳ್ದೆ" ಎಂದಳು ಚೈತ್ರ. ಮುಖ ಬಿಳಿಚಿಕೊಂಡಿತ್ತು. "ಅಂಗನವಾಡಿ ಮಾದಮ್ಮ ಮೇಡಂ ತಗೊಂಡ್ರು. ಅಷ್ಟೊಂದ್ ಡಬ್ಬಿ ಇತ್ತು, ಅವರು ಅದನ್ನೇ ತೋರ್ಸಿ ಕೇಳಿದ್ರು."

"ಸೋಮವಾರದೊಳಗೆ ಎಲ್ಲಾ ಡಬ್ಬಿ ಬರ್ಬೇಕು. ಬರ್ಲಿಲ್ಲ ಅಂದ್ರೆ ಮಂಗಳವಾರದಿಂದ ಕವರ್. ಇದರ ಮೇಲೆ ನನ್ ಹೋಟೆಲಲ್ಲಿ ನಿನ್ ತಲೆ ಓಡಿಸ್ಬೇಡ" ಎಂದುಬಿಟ್ಟೆ. ಅವಳ ಕಣ್ಣು ತುಂಬಿತು. ಆಡಿದ್ದು ಹೆಚ್ಚಾಯಿತೆಂದು ಆಗಲೇ ಗೊತ್ತಾಯಿತು, ಆದರೂ ಹಿಂತೆಗೆದುಕೊಳ್ಳಲಿಲ್ಲ. ನನ್ನ ಜಾತಕವೇ ಅಂಥದ್ದು.

ಭಾನುವಾರ ಮಧ್ಯಾಹ್ನ ಹೋಟೆಲ್ ಮುಚ್ಚಿ, ಮೊಪೆಡ್ಡಿಗೆ ಎರಡು ಗೋಣಿಚೀಲ ಸಿಕ್ಕಿಸಿಕೊಂಡು ವಸೂಲಿಗೆ ಹೊರಟೆ. ಯಾರು ಏನು ತಿನ್ನುತ್ತಾರೆ, ಯಾರ ಮನೆ ಎಲ್ಲಿ ಎನ್ನುವುದು ನನಗೆ ಬಾಯಿಪಾಠ. ಮೊದಲು ಮರಿತಾಯಮ್ಮನ ಮನೆ.

"ಡಬ್ಬಿ ಕೊಡು" ಎಂದೆ.

"ಬರೀ ಡಬ್ಬಿ ಎಂಗ್ ಕೊಡದು ಬಸವಯ್ಯಣ್ಣ?" ಎಂದಳು ಸೆರಗು ಹಿಂಡುತ್ತ. "ನಾಕ್ ಜನ ಏನಂದಾರು? ಅವರೆಕಾಯಿ ಬರ್ಲಿ, ಇದಕ್‌ಬೇಳೆ ಸಾರು ಮಾಡಿ ತುಂಬ್ಸಿ ತರಾನ ಅಂತ ಇಟ್ಕೊಂಡಿವ್ನಿ."

"ಅವರೆಕಾಯಿಗೆ ಇನ್ನೂ ಮೂರು ತಿಂಗಳದೆ!"

"ಅದ್ಕೇ ಕಣಣ್ಣ, ನಿಮ್ ಮೊಕ ನೋಡಕೆ ನಾಚ್ಕೆ ಆಗಿ ಆ ಕಡೆಗೋದೆ."

ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಹೈಸ್ಕೂಲ್ ಟೀಚರ್ ಶಾಲಿನಿಯ ಮನೆಯಲ್ಲಿ ಹೋದ ವಾರ ಕೋಡುಬಳೆ ಕರಿಯುವಾಗ ಸೀದುಹೋಯಿತಂತೆ, ಈ ವಾರ ಇನ್ನೊಮ್ಮೆ ಹಿಟ್ಟು ಕಲಸಿದ್ದರು. ಟೈಲರ್ ಶಿವರಾಜುವಿನ ಮನೆಯಲ್ಲಿ ಕಜ್ಜಾಯವೋ ಒಬ್ಬಟ್ಟೋ ಎಂದು ಅತ್ತೆ ಸೊಸೆ ತೀರ್ಮಾನಕ್ಕೆ ಬಂದಿರಲಿಲ್ಲ. ಅವಸರದಲ್ಲಿ ಏನೂ ತೋಚದ ಒಬ್ಬಾಕೆ ಅಕ್ಕಿ, ಬೆಲ್ಲದ ಅಚ್ಚು ಹಾಕಿ, ಕೈಮುಗಿದು ಕೊಟ್ಟಳು.

ಪಕ್ಕದ ಮನೆಯ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದು ಎನ್ನುವುದು ನನಗೂ ಗೊತ್ತು. ಹೋಟೆಲಿಗೂ ಆ ಲೆಕ್ಕ ಬರುತ್ತದೆಂದು ಹೊಳೆದಿರಲಿಲ್ಲ. ಹೆಸರು ಕೊರೆಸಿದ ಡಬ್ಬಿಯನ್ನು ಕೈಗೆ ಕೊಟ್ಟ ಮೇಲೆ ಅದನ್ನು ಹೋಟೆಲಿನದೆಂದು ಯಾರು ತಿಳಿಯುತ್ತಾರೆ? ಕಳ್ಳರೆಂದು ನಾನು ಮನಸ್ಸಿನಲ್ಲೇ ಬೈದಿದ್ದ ಜನ ನನಗೆ ಏನು ತಿನ್ನಿಸಲಿ ಎಂದು ಹನ್ನೊಂದು ದಿನ ತಲೆ ಕೆಡಿಸಿಕೊಂಡಿದ್ದರು. ನಗು ಬಂತು. ಚೀಲ ಎರಡೂ ತುಂಬಿದವು.

ಉಳಿದದ್ದು ಮಾದಮ್ಮನ ಮನೆ. ಊರಾಚೆ ಅಂಬೇಡ್ಕರ್ ಬೀದಿಯಲ್ಲಿದೆ. ಮುಚ್ಚಿಟ್ಟು ಏನು ಪ್ರಯೋಜನ, ನಮ್ಮ ಮನೆಯ ಗಂಡಸರು ಆ ಬೀದಿಯಲ್ಲಿ ಒಂದು ಲೋಟ ನೀರು ಕುಡಿದವರಲ್ಲ. ನಾನೂ ಕುಡಿದಿರಲಿಲ್ಲ. ಹೋಟೆಲಿನಲ್ಲಿ ಯಾರಿಗೂ ಬೇರೆ ಲೋಟ ಇಟ್ಟವನಲ್ಲ, ಅಲ್ಲಿಗೆ ನನ್ನ ಧರ್ಮ ಮುಗಿಯಿತೆಂದುಕೊಂಡಿದ್ದೆ.

ಮಾದಮ್ಮ ಕುರ್ಚಿ ಹಾಕಿದರು. ಗೋಡೆಯ ಮೇಲೆ ಬುದ್ಧನ ಪಟ, ಅದರ ಕೆಳಗಿನ ಗೂಡಿನಲ್ಲಿ ನನ್ನ ಡಬ್ಬಿ. ಹುಣಸೆಹಣ್ಣು ಹಾಕಿ ಬೆಳಗಿದ್ದರು. ಜವರಮ್ಮನ ಹೆಸರು ಹೊಳೆಯುತ್ತಿತ್ತು. ಕೂರದೆ ನೇರವಾಗಿ ಹೋಗಿ ಕೈಗೆತ್ತಿಕೊಂಡೆ.

"ಬರೀದೇ ತಗೊಂಡೋಯ್ತೀರಾ ಬಸವಯ್ಯೋರೆ?" ಎಂದರು ಹಿಂದಿನಿಂದ.

"ನೀವೂ ಏನಾದ್ರೂ ಮಾಡ್ಬೇಕು ಅಂತಿದ್ರಾ?"

"ದಿನಾ ಅದ್ನೇ ಯೋಚ್ನೆ ಮಾಡ್ತಿದ್ದೆ. ಬರೀದ್ ಕೊಟ್ರೆ ಸರಿಯಾಗಲ್ಲ. ಏನಾರ ಮಾಡಿ ತುಂಬ್ಸಿ ಕೊಟ್ರೆ ನೀವ್ ತಿಂತೀರೋ, ಹಿಂದ್ಗಡೆ ಸುರೀತೀರೋ. ಬಾಳೆಅಣ್ಣು ಆಕ್ಕೊಡಾನ ಅಂತ ಎರಡ್ ಸಲ ಸಂತೆಗೆ ಓಗಿದ್ದೆ. ಅಣ್ಣಾದ್ರೆ ಯಾರೂ ಬ್ಯಾಡ ಅನ್ನಲ್ಲ. ಆದ್ರೆ ಮನ್ಸ್ ಬರ್ನಿಲ್ಲ."

"ಯಾಕೆ?"

"ಈ ಡಬ್ಬಿಗೆ ನಾನ್ ಯಾವತ್ತೂ ಅಣ್ಣು ಆಕಿದೋಳಲ್ಲ."

ನನಗೆ ಅರ್ಥವಾಗಲಿಲ್ಲ. ಅವರು ಒಳಗೆ ಹೋಗಿ ಒಂದು ಟಿನ್ ತಂದು ಮುಚ್ಚಳ ತೆಗೆದರು. ಹುರಿದ ಹುಚ್ಚೆಳ್ಳು, ಬೆಳ್ಳುಳ್ಳಿ, ಒಣಮೆಣಸಿನಕಾಯಿ. ಆ ವಾಸನೆಗೆ ನಾನು ಕುರ್ಚಿಯ ಮೇಲೆ ಕೂತೆ.

"ಜವರಕ್ಕ ಶನಿವಾರ ಶನಿವಾರ ಅಂಗನವಾಡಿ ಮಕ್ಳಿಗೆ ಅಂತ ಇದ್ರಲ್ಲಿ ಇಡ್ಲಿ ತರೋರು" ಎಂದರು ಮಾದಮ್ಮ. "ಮಕ್ಳೆಲ್ಲಾ ತಿಂದ್ಮೇಲೆ ಇಲ್ಲೇ ಬಂದು ನನ್ ಜೊತೆ ಒಂದ್ ರೊಟ್ಟಿ ತಿನ್ನೋರು. ಬರೀ ಡಬ್ಬಿ ಎಂಗ್ ಕಳ್ಸದು ಅಂತ ಎರಡ್ ಅಂತಸ್ತಿಗೂ ಇದನ್ನ ತುಂಬ್ತಿದ್ದೆ. ಹದಿನೆಂಟು ವರ್ಸ. ನಿಮ್ಗೆ ಏಳಿರ್ನಿಲ್ವಾ?"

ಹೇಳಿರಲಿಲ್ಲ. ಹದಿನೆಂಟು ವರ್ಷ ನಾನು ಮಾದಮ್ಮನ ಕೈಯಡುಗೆ ತಿಂದಿದ್ದೆ, ಅದನ್ನು ಊರಿಗೆಲ್ಲ ಬಡಿಸಿ ಬೀಗಿದ್ದೆ. ನನ್ನ ಬಾಯಿಗೆ ಹೆದರಿ ಜವರಮ್ಮ ಹೇಳಲಿಲ್ಲವೋ, ಹೇಳಿದರೆ ನಾನು ನಿಲ್ಲಿಸಿಬಿಡುತ್ತೇನೆಂದು ಹೇಳಲಿಲ್ಲವೋ, ಈಗ ಕೇಳಲು ಅವಳಿಲ್ಲ. ಜೊತೆಗೆ ಬಾಳಿದ ಹೆಂಗಸಿಗೆ ಇಷ್ಟು ಸಣ್ಣ ವಿಷಯವನ್ನು ನನ್ನ ಹತ್ತಿರ ಹೇಳುವ ಧೈರ್ಯ ಬರದ ಹಾಗೆ ನಡೆದುಕೊಂಡಿದ್ದೆನಲ್ಲ ಎಂದು ನಾಚಿಕೆಯಾಯಿತು. ಅವಳ ಮೇಲೆ ಎಲ್ಲಿಲ್ಲದ ಪ್ರೀತಿಯೂ ಉಕ್ಕಿತು. ಎಷ್ಟು ಗಟ್ಟಿಗಿತ್ತಿ!

ಮಾದಮ್ಮ ಟಿನ್ನಿನ ಮುಚ್ಚಳ ಹಾಕಲು ಹೋದರು. ನಾನು ತಿನ್ನುವುದಿಲ್ಲವೆಂದು ತಿಳಿದುಕೊಂಡರೇನೋ.

"ಬರೀ ಪುಡಿ ಎಂಗೆ ತಿನ್ನಾದು ಮೇಡಂ?" ಎಂದೆ. "ಜವರಮ್ಮಂಗೆ ಮಾತ್ರನಾ ರೊಟ್ಟಿ?"

ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ ಒಲೆ ಹಚ್ಚಿದರು. ಬಿಸಿ ಅಕ್ಕಿರೊಟ್ಟಿ, ಮೇಲೆ ಪುಡಿ, ಒಂದು ಚಮಚ ಎಣ್ಣೆ. ಎರಡು ತಿಂದೆ, ನೀರು ಕುಡಿದೆ. ಇನ್ನೊಬ್ಬರ ಅಡುಗೆ ಹೊಗಳಿ ನನಗೆ ಅಭ್ಯಾಸವಿಲ್ಲ.

"ಉಪ್ಪು ಒಂಚೂರು ಮುಂದಾಯ್ತು" ಎಂದೆ.

"ಜವರಕ್ಕನೂ ಅದ್ನೇ ಅನ್ನೋರು" ಎಂದು ಮಾದಮ್ಮ ನಕ್ಕರು. ಸೆರಗಿನಿಂದ ಕಣ್ಣೊರೆಸಿಕೊಂಡು ಡಬ್ಬಿಯ ಎರಡು ಅಂತಸ್ತಿಗೂ ಪುಡಿ ತುಂಬಿದರು.

ಮನೆಗೆ ಬಂದಾಗ ಚೈತ್ರ ಚಾವಡಿಯಲ್ಲಿ ಅಕ್ಕಿ ಆರಿಸುತ್ತಿದ್ದಳು. ಚೀಲಗಳನ್ನು ಅವಳ ಮುಂದೆ ಇಳಿಸಿ, ಯಾರ್ಯಾರ ಮನೆಯಲ್ಲಿ ಏನೇನಾಯಿತೆಂದು ಹೇಳಿದೆ. ಅವಳು ಬಾಯಿಗೆ ಕೈಯಿಟ್ಟುಕೊಂಡು ನಕ್ಕಳು. ಕೊನೆಗೆ ಜವರಮ್ಮನ ಡಬ್ಬಿ ತೆರೆದು ಕೊಟ್ಟೆ. ಬೆರಳಲ್ಲಿ ಅದ್ದಿ ನಾಲಗೆಗಿಟ್ಟಳು.

"ಅತ್ತೆದು!" ಎಂದಳು.

"ಮಾದಮ್ಮ ಮೇಡಂದು. ಯಾವತ್ತೂ ಅವರ್ದೇ."

ವಿಷಯವೆಲ್ಲ ಕೇಳಿದ ಮೇಲೆ ಅವಳ ನಗು ನಿಂತಿತು. "ನಾಲ್ಕ್ ಸಲ ಬೈದ್ರಲ್ಲ ಮಾವ ನನ್ನ."

"ಬೈದೆ" ಎಂದೆ. "ತಪ್ಪಾಯ್ತು ಕಣವ್ವ. ಕವರ್ ಮಾತೂ ಬುಟ್ಬುಡು."

ತಪ್ಪಾಯ್ತು ಎನ್ನುವ ಪದ ನನ್ನ ಬಾಯಿಂದ ಬಂದದ್ದು ಆ ಮನೆಯ ಗೋಡೆಗಳಿಗೂ ಹೊಸದು. ಮೊರ ಎತ್ತಿಕೊಂಡು ಒಳಗೆ ಹೋದವಳು ನನಗೆ ಕಾಫಿ ತಂದುಕೊಟ್ಟಳು. ಸಕ್ಕರೆ ಎರಡು ಚಮಚ ಹಾಕಿದ್ದಳು, ಡಾಕ್ಟರು ಹೇಳಿದ್ದು ಅರ್ಧ.

ಪುಡಿ ಹೋಟೆಲಿನ ಟೇಬಲ್ಲುಗಳ ಮೇಲೆ ಐದೇ ದಿನ ಬಂತು. ಯಾರು ಮಾಡಿದ್ದೆಂದು ಕೇಳಿದವರಿಗೆಲ್ಲ ಹೆಸರು ಹೇಳಿದೆ. ಒಬ್ಬ ಹಳೆಯ ಗಿರಾಕಿ ಬಟ್ಟಲು ದೂರ ಸರಿಸಿದ. ನನ್ನ ಒರಟು ಬಾಯಿ ಯಾತಕ್ಕಿದೆ? ಅವತ್ತು ಅದಕ್ಕೆ ಒಳ್ಳೆಯ ಕೆಲಸ ಸಿಕ್ಕಿತು.

ಶುಕ್ರವಾರ ಚೈತ್ರ ಡಬ್ಬಿ ತೊಳೆದು, ಅದೇ ಬಟ್ಟೆ ಸುತ್ತಿ ಏಣಿ ಹತ್ತುತ್ತಿದ್ದಳು.

"ಎಲ್ಲಿಗೆ?" ಎಂದೆ.

"ಅತ್ತೆ ಡಬ್ಬಿ ಅಲ್ವಾ ಮಾವ, ಜೋಪಾನವಾಗಿ..."

"ಇಳಿ ಕೆಳಗೆ."

ಶನಿವಾರ ಬೆಳಿಗ್ಗೆ ಎರಡು ಅಂತಸ್ತಿಗೂ ಬಿಸಿ ಇಡ್ಲಿ ನಾನೇ ತುಂಬಿದೆ. ಮೊಪೆಡ್ ಬಿಟ್ಟು, ಬಜಾರಿನ ನಡುವೆ ನಡೆದುಕೊಂಡು ಅಂಗನವಾಡಿಗೆ ಹೋದೆ. ಅವಳಿಲ್ಲದೆ ಮೂರು ವರ್ಷ ತಪ್ಪಿಹೋದ ಶನಿವಾರಗಳ ನೆನಪಾಗಿ ದಾರಿಯಲ್ಲಿ ಒಮ್ಮೆ ಕಣ್ಣು ಮಂಜಾಯಿತು. ಮಾದಮ್ಮ ಬಾಗಿಲಿಗೆ ಬಂದು ಎರಡು ಕೈಯಲ್ಲೂ ಡಬ್ಬಿ ತೆಗೆದುಕೊಂಡರು.

"ಡಬ್ಬಿ ಯಾವಾಗ ಬೇಕು ಬಸವಯ್ಯೋರೆ?"

"ನಿಮ್ಗೆ ಪುರುಸೊತ್ತಾದಾಗ ಕೊಡಿ" ಎಂದೆ. "ಬರೀದ್ ಮಾತ್ರ ಕಳಿಸ್ಬ್ಯಾಡಿ."