ಎರಡು ಸಂತೆಗಳ ಊರಿನ ಗಿರಣಿ

ನಾನು ಒಂದು ಹಿಟ್ಟಿನ ಗಿರಣಿ. ಹುಟ್ಟಿದ್ದು ಗುಜರಾತಿನ ಒಂದು ಕಾರ್ಖಾನೆಯಲ್ಲಿ. ಹಡಗು ಹತ್ತಿ ಬದುಕಲು ಹೋದದ್ದು ನೈಜೀರಿಯಾದ ಈಶಾನ್ಯ ಮೂಲೆಯ, ಗುಡ್ಡದ ಬುಡದ ಒಂದು ಊರಿಗೆ. ಅಲ್ಲಿಯವರೂ ಜೋಳ ತಿನ್ನುವವರೇ.

ನನ್ನ ಯಜಮಾನ ಹಮೀದು, ಮುಸಲ್ಮಾನ. ನನ್ನ ಬಾಯಿಗೆ ಜೋಳ ಸುರಿಯುತ್ತಿದ್ದವಳು ಪಕ್ಕದ ಮನೆಯ ಕ್ರೈಸ್ತ ಹೆಂಗಸು ತಬಿತಾ. ಸಂತೆಯ ದಿನ ಎರಡೂ ಧರ್ಮದ ಹೆಂಗಸರು ಒಂದೇ ಸಾಲಿನಲ್ಲಿ ನಿಂತು ಸರದಿಗಾಗಿ ಜಗಳವಾಡುತ್ತಿದ್ದರು. ಬೇರೆ ಜಗಳ ನಾನು ಕೇಳಿರಲಿಲ್ಲ.

ಒಂದು ಬೆಳಿಗ್ಗೆ ಬಂದೂಕಿನವರು ದೇವರ ಹೆಸರು ಕೂಗುತ್ತ ನುಗ್ಗಿದರು. ಚರ್ಚಿಗೆ ಬೆಂಕಿ ಇಟ್ಟರು. ತಡೆಯಲು ಹೋದ ಇಮಾಮರನ್ನೂ ಕೊಂದರು. ಹಮೀದು ತಬಿತಾಳನ್ನು ನನ್ನ ಹಿಂದೆ ಕೂರಿಸಿ, ತೌಡಿನ ಚೀಲ ಪೇರಿಸಿ, ನನ್ನನ್ನು ಚಾಲೂ ಮಾಡಿದ. ಕಾಳಿಲ್ಲದೆ ನನ್ನ ಕಲ್ಲುಗಳು ಉಜ್ಜಿ ಕಿರುಚಿದವು. ಅವಳ ಅಳು ಯಾರಿಗೂ ಕೇಳಿಸಲಿಲ್ಲ. ಆದರೆ ಅವಳ ಗಂಡ ಜಿರಾ ರಸ್ತೆಯಲ್ಲೇ ಗುಂಡಿಗೆ ಬಲಿಯಾಗಿದ್ದ. ಹೋಗುವಾಗ ಅವರು ಹಮೀದುವಿನ ಮಗನನ್ನೂ ಎಳೆದೊಯ್ದರು.

ಸೈನ್ಯ ಬಂದ ಮೇಲೆ ಓಡಿಹೋಗಿದ್ದ ಜನ ಊರಿಗೆ ಮರಳಿದರು, ಇಬ್ಭಾಗವಾಗಿ. ಬಂದೂಕಿನವರಿಗೆ ನಮ್ಮ ಮನೆಗಳನ್ನು ತೋರಿಸಿಕೊಟ್ಟವರು ಮುಸಲ್ಮಾನರೇ ಎಂದು ಕ್ರೈಸ್ತರು. ನಮ್ಮ ಹುಡುಗರನ್ನೆಲ್ಲ ಉಗ್ರರೆಂದು ಸೈನ್ಯಕ್ಕೆ ಹಿಡಿದುಕೊಡುತ್ತಾರೆ ಎಂದು ಮುಸಲ್ಮಾನರು. ಕ್ರೈಸ್ತರು ಹಳ್ಳದಾಚೆ ಬೇರೆ ಸಂತೆ ಹೂಡಿದರು.

ಒಂದು ಮಧ್ಯಾಹ್ನ ತಬಿತಾ ಜೋಳದ ಬುಟ್ಟಿ ಹೊತ್ತು ಬಂದಳು. ಬೆನ್ನಟ್ಟಿಕೊಂಡು ಅವಳ ಅಣ್ಣ ಯೋಹನ್ನಾ ಬಂದ.

"ಇವನ ಮಗ ಈಗ ಅವರ ಜೊತೆ ಬಂದೂಕು ಹಿಡಿದಿದಾನಂತೆ. ಇಲ್ಲಿಗೆ ಬರ್ತೀಯಲ್ಲ!"

"ಅವನನ್ನ ಎಳ್ಕೊಂಡು ಹೋಗಿದ್ದು ಚೀಲದ ಸಂದಿಯಿಂದ ನಾನೇ ನೋಡಿದೀನಿ ಅಣ್ಣಾ. ನನ್ನ ಜೀವ ಉಳಿಸಿದ್ದು ಹಮೀದಣ್ಣ."

"ಹಂಗಾದ್ರೆ ಜಿರಾನ್ನ ಯಾಕೆ ಉಳಿಸಲಿಲ್ಲ? ಕೇಳು."

ತಬಿತಾ ಕೇಳಲಿಲ್ಲ. ಆದರೆ ಹಮೀದುವಿನ ಮುಖ ನೋಡಿದಳು. ಅವನು ತಲೆ ತಗ್ಗಿಸಿದ.

"ಆಗಲೇ ಅವನು ರಸ್ತೆಗೆ ಹೋಗಿಬಿಟ್ಟಿದ್ದ, ತಂಗಿ," ಎಂದ.

ಅವಳು ಜೋಳ ಬೀಸಿಸದೆಯೇ ಬುಟ್ಟಿ ಎತ್ತಿಕೊಂಡಳು.

ಮಗನನ್ನು ಹುಡುಕಲು ಹೋದ ಹಮೀದು ಮರಳಲಿಲ್ಲ. ನನ್ನನ್ನು ಕೊಳ್ಳಲು ಎರಡೂ ಕಡೆಯವರು ಬಂದು ನೋಡಿದರು. "ಉಗ್ರನ ಅಪ್ಪನ ಗಿರಣಿ," ಎಂದರು ಹಳ್ಳದಾಚೆಯವರು. "ಕ್ರೈಸ್ತ ಹೆಂಗಸನ್ನು ಬಚ್ಚಿಟ್ಟ ಗಿರಣಿ; ತಿಳಿದರೆ ಬಂದೂಕಿನವರು ನಮ್ಮನ್ನೂ ಬಿಡಲ್ಲ," ಎಂದರು ಈಚೆಯವರು.

ಬಾಗಿಲಿಲ್ಲದ ಕೋಣೆಯಲ್ಲಿ ತುಕ್ಕು ಹಿಡಿಯುತ್ತಿದ್ದೇನೆ. ಬಂದೂಕಿನವರು ಹೋಗಿ ವರ್ಷಗಳಾದವು. ಅವರು ಅರ್ಧಕ್ಕೆ ಬಿಟ್ಟ, ಊರು ಒಡೆಯುವ ಕೆಲಸವನ್ನು ಊರವರೇ ಮಾಡುತ್ತಿದ್ದಾರೆ. ಒಮ್ಮೊಮ್ಮೆ ತಬಿತಾ ಈ ದಾರಿಯಲ್ಲಿ ಹಾದು ಹೋಗುತ್ತಾಳೆ. ನನ್ನ ಎದುರಿಗೆ ಬಂದಾಗ ಅವಳ ಹೆಜ್ಜೆ ಚುರುಕಾಗುತ್ತದೆ.